ವಿಶ್ವಾಸ ಸಂಗ್ರಹದಲ್ಲಿ ‘ನಾನು’ ಮತ್ತು ‘ನಾವು’

(ಶತಮಾನೋತ್ಸವದ ಸಿದ್ಧತಾ ಪ್ರಾರ್ಥನಾಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ಕ್ರಿ.ಶ. 325ರಲ್ಲಿ ನಿಸೇಯ ನಗರದಲ್ಲಿ ನೆರೆದ ಧರ್ಮಾಧ್ಯಕ್ಷರ ವಿಶ್ವಾಸ ಸಂಗ್ರಹವು ಗ್ರೀಕ್ ಭಾಷೆಯಲ್ಲಿ ‘ನಾವು ವಿಶ್ವಾಸಿಸುತ್ತೇವೆ’ ಎಂದು ಆರಂಭವಾಗುತ್ತದೆ. ಅದರಿಂದ ಬೆಳೆದುಬಂದ ಸಂಗ್ರಹವು ಲತೀನ್ ಬಲಿಪೂಜೆಯಲ್ಲಿ ‘ಕ್ರೇದೋ’, ಅಂದರೆ ‘ನಾನು ವಿಶ್ವಾಸಿಸುತ್ತೇನೆ’ ಎಂದಾಯಿತು. ಇಂಗ್ಲಿಷ್ ಪೂಜಾಗ್ರಂಥವಂತೂ 1970ರ ದಶಕದಿಂದ ‘ನಾವು’ ಎನ್ನುತ್ತಿದ್ದುದು 2011ರಲ್ಲಿ ‘ನಾನು’ ಎಂದು ತಿದ್ದಿಕೊಂಡಿತು. ಒಂದು ಸರ್ವನಾಮಕ್ಕೆ ಇಷ್ಟು ಓಡಾಟವೇ ಎಂದು ನೀವು ನಗಬಹುದು. ಗುರುಮಠದಲ್ಲಿ ನಿಸೇಯದ ಪಾಠ ಕೇಳುವಾಗ ನಾವೂ ನಕ್ಕವರೇ.

ಆದರೆ ಈ ಎರಡು ಪದಗಳ ನಡುವೆ ಧರ್ಮಸಂಪ್ರದಾಯಗಳೇ ಬೇರೆಬೇರೆಯಾಗಿ ನಿಂತಿವೆ. ಸಂಪ್ರದಾಯಸ್ಥ ಯೆಹೂದ್ಯರಲ್ಲಿ ಮೃತರ ಬಂಧುಗಳು ‘ಕದ್ದೀಷ್’ ಪ್ರಾರ್ಥನೆ ಹೇಳಬೇಕಾದರೆ ಹತ್ತು ಮಂದಿ ವಯಸ್ಕ ಪುರುಷರು ಕೂಡಲೇಬೇಕು. ಒಂಬತ್ತು ಮಂದಿ ಎಷ್ಟೇ ಭಕ್ತರಾಗಿರಲಿ, ಸಾಲದು. ಇದಕ್ಕೆ ವ್ಯತಿರಿಕ್ತವಾಗಿ, 1525ರಲ್ಲಿ ಜ್ಯೂರಿಕ್ ನಗರದ ಕೆಲವರು, ತಾನೇ ವಿಶ್ವಾಸಿಸದ ಶಿಶುವಿಗೆ ನೀಡಿದ ಸ್ನಾನವು ಸ್ನಾನವೇ ಅಲ್ಲವೆಂದು ಸಾರಿ, ಪ್ರೌಢರಾಗಿ ಮತ್ತೆ ಸ್ನಾನ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಜ್‌ನನ್ನು 1527ರಲ್ಲಿ ಅಲ್ಲಿನ ನಗರಾಡಳಿತವು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಅವರ ಬೋಧನೆಯನ್ನು ನಾವು ಒಪ್ಪೆವು. ಆದರೂ ಪ್ರಾಣ ತೆತ್ತು ಕೇಳಿದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು.

ನಾವು ಶಿಶುಗಳಿಗೆ ಜ್ಞಾನಸ್ನಾನ ನೀಡುತ್ತೇವೆ. ತಂದೆತಾಯಿಯರೂ ಜ್ಞಾನಪೋಷಕರೂ ವಿಶ್ವಾಸವನ್ನು ನಿವೇದಿಸುತ್ತಾರೆ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ಚಾವಣಿಯಿಂದ ಇಳಿಸಿದಾಗ, ಪ್ರಭುವು ಕಂಡದ್ದು ‘ಅವರ’ ವಿಶ್ವಾಸವನ್ನು ಎಂದು ಸಂತ ಮಾರ್ಕರು ಬರೆದಿದ್ದಾರೆ. ರೋಗಿ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಆದರೆ ಎದ್ದು ನಡೆಯಬೇಕಾದವನು ಅವನೇ. ಹೊತ್ತವರು ಅವನ ಪರವಾಗಿ ನಡೆಯಲಾರರು. ಪಾಪನಿವೇದನೆಗೂ ಒಬ್ಬೊಬ್ಬರಾಗಿಯೇ ಮಂಡಿಯೂರುತ್ತೇವಲ್ಲವೇ?

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಯುವಕನೊಬ್ಬ ಬಂದು, “ಫಾದರ್, ಇಪ್ಪತ್ತು ದಿನದ ಕೂಸಾಗಿದ್ದಾಗ ನನ್ನನ್ನು ಯಾರು ಕೇಳಿದರು?” ಎಂದ. ಹಬ್ಬ, ತೇರು, ಅಜ್ಜನ ಕಾಲದ ಗುಡಿ ಎಂದೆಲ್ಲ ‘ನಾವು’ವಿನ ಹಿರಿಮೆಯನ್ನೇ ನಾವು ಅವನಿಗೆ ಹೇಳಿದೆವು. ಅವನು ಕೇಳಿದ್ದು ‘ನಾನು’ವಿನ ವಿಷಯ. ಆಮೇಲೆ ಪೂಜೆಗೆ ಬರುವುದನ್ನು ನಿಲ್ಲಿಸಿದ. ತಂದೆಯ ಅಂತ್ಯಕ್ರಿಯೆಗೆ ಬಂದು ಬಾಗಿಲ ಬಳಿ ನಿಂತಿದ್ದ. ಸಭೆಯೆಲ್ಲ ಪ್ರಾರ್ಥಿಸುವಾಗ ಅವನ ತುಟಿ ಅಲುಗಲಿಲ್ಲ. ಆದರೆ ಹೊರಟುಹೋಗಲೂ ಇಲ್ಲ, ಕೊನೆಯವರೆಗೆ ನಿಂತ.

ನಮ್ಮ ಶತಮಾನೋತ್ಸವಕ್ಕೆ ಅವನಿಗೂ ಕರೆಯೋಲೆ ಕಳುಹಿಸಿದ್ದೇವೆ. ಬಂದರೆ, ಈ ಬಾರಿ ಅವನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಬೇಕೆಂದಿದ್ದೇವೆ.