ಇಂಧನದ ಬೆಳೆ ಮತ್ತು ಗಂಜಿಯ ಅಕ್ಕಿ

(ಕೊಯಿಲದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆಂದು ಆತೂರಿನಿಂದ ನಡೆದುಕೊಂಡೇ ಬಂದೆ. ಬರುವಾಗ ಕೊಯಿಲದ ಗುಡ್ಡೆಯನ್ನು ನೋಡುತ್ತಾ ಬಂದೆ. ಮಳೆ ಹಿಡಿದರೆ ಸಾಕು, ಆ ಗುಡ್ಡೆ ತುಂಬ ಹುಲ್ಲು. ಸರಕಾರದ ಜಾನುವಾರು ಫಾರಂ ಇರುವುದೂ ಇಲ್ಲಿಯೇ. ಹುಲ್ಲಿನ ಬೆಲೆ ಏನೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೇಸಗೆಯಲ್ಲಿ ಪೇಟೆಯಿಂದ ಕಾರಿನಲ್ಲಿ ಬಂದು ಇಂಥ ಗುಡ್ಡೆಯನ್ನು ನೋಡುವ ಒಬ್ಬ ಅಧಿಕಾರಿಗೆ ಏನು ಕಾಣುತ್ತದೆ? ಗದ್ದೆಯಿಲ್ಲ, ತೋಟವಿಲ್ಲ, ಬರಿಯ ಮುರಕಲ್ಲು. ಆತ ಕಾಗದದ ಮೇಲೆ ಒಂದೇ ಒಂದು ಶಬ್ದ ಬರೆದು ಹೋಗುತ್ತಾನೆ: ಬಂಜರು.

ಇಂದು ನಾನು ಮಾತನಾಡಬೇಕೆಂದಿರುವುದು ಆ ಶಬ್ದದ ವಿಷಯ ಮತ್ತು ಗಾಡಿಗೆ ಹಾಕುವ ಎಣ್ಣೆಯ ವಿಷಯ. ಇವೆರಡಕ್ಕೂ ಸಂಬಂಧವಿದೆ. ಆ ಸಂಬಂಧ ನಿಮ್ಮ ಅಡುಗೆಮನೆಯ ಅಕ್ಕಿಯ ಡಬ್ಬದವರೆಗೂ ಬರುತ್ತದೆ.

ಜೈವಿಕ ಇಂಧನ ಎಂದು ಪತ್ರಿಕೆಗಳಲ್ಲಿ ಓದುತ್ತೀರಿ. ಹೆಸರು ದೊಡ್ಡದು, ಸಂಗತಿ ಸರಳ. ಕಬ್ಬಿನ ರಸ, ಮೆಕ್ಕೆಜೋಳ, ಅಕ್ಕಿ ಇವನ್ನು ಹುಳಿ ಬರಿಸಿ ಭಟ್ಟಿ ಇಳಿಸಿದರೆ ಎಥನಾಲು. ಸಾರಾಯಿ ತೆಗೆಯುವ ಕೆಲಸವೇ ಇದು. ನೀರಿನ ಅಂಶವನ್ನು ಪೂರ್ತಿ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ, ಅಷ್ಟೇ ವ್ಯತ್ಯಾಸ. ಹೊಂಗೆ, ಕಾಡುಹರಳು, ತಾಳೆ ಇವುಗಳ ಎಣ್ಣೆಯನ್ನು ಹದಮಾಡಿದರೆ ಡೀಸೆಲಿನ ಬದಲಿಗೆ ಆಗುತ್ತದೆ. ನೂರು ಲೀಟರ್ ಪೆಟ್ರೋಲಿನಲ್ಲಿ ಇಪ್ಪತ್ತು ಲೀಟರ್ ಎಥನಾಲು ಇರಬೇಕೆಂಬ ಗುರಿಯನ್ನು 2030ಕ್ಕೆಂದು ಮೊದಲು ಇಟ್ಟಿದ್ದರು. ಅನಂತರ ಮುಂದಕ್ಕೆ ಎಳೆದು 2025ರಲ್ಲಿ ಅದನ್ನು ಮುಟ್ಟಿದರು. ಉಪ್ಪಿನಂಗಡಿಯ ಬಂಕಿನಲ್ಲಿ ನಿಮ್ಮ ಬೈಕಿಗೆ ಬೀಳುವುದೂ ಇದೇ.

ನಮ್ಮ ಜಿಲ್ಲೆಗೆ ಇದೇನೂ ಹೊಸತಲ್ಲ. ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ಹೊನ್ನೆಣ್ಣೆಯ ದೀಪ ಉರಿಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಲಿನ ಗ್ಯಾಸಿನಿಂದ ಬಸ್ಸು ಓಡಿದ್ದನ್ನು ಹಿರಿಯರು ಹೇಳುತ್ತಿದ್ದರು. ಇನ್ನು ಮಂಗಳೂರಿನ ಹಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮೊದಲ ಹಂಚಿನ ಕಾರ್ಖಾನೆ ತೆರೆದರು. ಹಿಂದೆಯೇ ಹತ್ತಾರು ಕಾರ್ಖಾನೆಗಳು ಎದ್ದವು. ಆ ಗೂಡುಗಳಿಗೆ ಬೆಂಕಿ ಕೊಟ್ಟದ್ದು ಯಾವುದು? ಕಾಡಿನ ಸೌದೆ. ಸೌದೆಯೂ ಜೈವಿಕ ಇಂಧನವೇ, ನೆನಪಿರಲಿ. ಹಂಚು ಕಡಲು ದಾಟಿ ಹೋಯಿತು, ಹೆಸರು ಬಂತು, ಕಾರ್ಮಿಕರಿಗೆ ಕೂಲಿಯೂ ಬಂತು. ಬೋಳಾದ ಕಾಡಿನ ಲೆಕ್ಕವನ್ನು ಮಾತ್ರ ಯಾವ ಕಾರ್ಖಾನೆಯ ಪುಸ್ತಕದಲ್ಲಿಯೂ ಬರೆಯಲಿಲ್ಲ.

ಆದುದರಿಂದ ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಎಂದು ಮೊದಲೇ ಕೈಮುಗಿಯುವ ಅಗತ್ಯವಿಲ್ಲ. ಹಾಗೆಂದು ಎಲ್ಲವೂ ಮೋಸವೆಂದು ಕೂಗುವುದೂ ಸರಿಯಲ್ಲ. ನಮ್ಮ ದೇಶ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ. ಆ ಹಣದಲ್ಲಿ ಒಂದಿಷ್ಟು ನಮ್ಮ ರೈತನ ಕೈಗೆ ಬಂದರೆ ಬೇಡವೆನ್ನುವವರು ಯಾರು? ಎಥನಾಲು ಬೆರೆತ ಪೆಟ್ರೋಲಿನ ಹೊಗೆಯಲ್ಲಿ ಕೆಲವು ವಿಷಾನಿಲಗಳು ಕಡಿಮೆ ಎಂಬುದೂ ನಿಜ. ಆದರೆ ಯಾರ ನೆಲದಲ್ಲಿ ಬೆಳೆದದ್ದು, ಯಾರ ಹೊಟ್ಟೆಯಿಂದ ತೆಗೆದದ್ದು, ಬೆಲೆ ಕಟ್ಟುವವನು ಯಾರು ಎಂದು ಕೇಳದೆ ಎಣ್ಣೆಗೆ ಹಸಿರು ಬಣ್ಣ ಬಳಿಯುವುದಕ್ಕೆ ನನ್ನ ವಿರೋಧ.

ಮೊದಲು ಒಳ್ಳೆಯ ಕಥೆಯನ್ನೇ ಹೇಳುತ್ತೇನೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸ ಎಂಬ ಪ್ರಾಧ್ಯಾಪಕರಿದ್ದರು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯ ಕಡೆ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಎಂಜಿನ್ ಓಡಿಸಿ, ವಿದ್ಯುತ್ತು ತೆಗೆದು, ಕೊಳವೆಬಾವಿಯ ನೀರನ್ನು ಹೊಲಗಳಿಗೆ ಹಾಯಿಸಿದರು. ಹೊಂಗೆ ಬದುವಿನ ಮೇಲೆ ಬೆಳೆಯುವ ಮರ. ಗದ್ದೆ ಕೇಳುವುದಿಲ್ಲ, ನೀರು ಕೇಳುವುದಿಲ್ಲ. ಸೊಪ್ಪು ಗೊಬ್ಬರಕ್ಕೆ, ಹಿಂಡಿ ಗೊಬ್ಬರಕ್ಕೆ. ನಾಲ್ಕು ಕಿಲೋ ಬೀಜ ಅರೆದರೆ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ. ಊರಿನ ಬೀಜ, ಊರಿನ ಗಾಣ, ಊರಿನ ಪಂಪು. 2009ರಲ್ಲಿ ರಾಜ್ಯ ಸರಕಾರ ಜೈವಿಕ ಇಂಧನ ನೀತಿ ಮಾಡಿತು. ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಜೈವಿಕ ಇಂಧನ ಉದ್ಯಾನವನ್ನೇ ಕಟ್ಟಿ ರೈತರಿಗೆ ಸಸಿ ಕೊಟ್ಟರು. ಇದು ಒಳ್ಳೆಯ ದಾರಿ ಎಂದು ನಾನು ಯಾವ ವೇದಿಕೆಯಲ್ಲಿಯೂ ಹೇಳಬಲ್ಲೆ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಬೀಜ ಹೆಕ್ಕುವವರು, ಸಿಪ್ಪೆ ಬಿಡಿಸುವವರು ಹೆಂಗಸರು. ಬೀಡಿ ಕಟ್ಟುವ ನಮ್ಮ ತಾಯಂದಿರಿಗೆ ಲೆಕ್ಕದ ಕೂಲಿ ಎಂದರೇನೆಂದು ಗೊತ್ತು. ಕಿಲೋಗೆ ಇಷ್ಟು ಎಂದು ವ್ಯಾಪಾರಿ ಒಬ್ಬನೇ ಬೆಲೆ ಕಟ್ಟುವುದಾದರೆ ಹೊಂಗೆಯೂ ಬೀಡಿಯ ಹಾದಿಯನ್ನೇ ಹಿಡಿಯುತ್ತದೆ.

ಇನ್ನು ಕಾಡುಹರಳು. ಜಟ್ರೋಫ ಎಂದು ಅದಕ್ಕೆ ಪೇಟೆಯ ಹೆಸರು. ನೀವು ಬೇಲಿಗೆ ನೆಡುವ ಗಿಡವೇ. ಶಾಲೆಯ ಮಕ್ಕಳು ಅದರ ಹಾಲಿನಿಂದ ಗುಳ್ಳೆ ಊದುತ್ತಾರೆ. ಬೀಜ ಬಾಯಿಗೆ ಹಾಕಿಕೊಂಡರೆ ವಾಂತಿ ಭೇದಿ. ನಾನು ಮಾಸ್ಟ್ರಾಗಿದ್ದ ಕಾಲದಲ್ಲಿ ಮಕ್ಕಳನ್ನು ಆ ಬೇಲಿಯಿಂದ ದೂರ ಇಡುವುದೇ ಒಂದು ಕೆಲಸವಾಗಿತ್ತು. 2003ರಲ್ಲಿ ದಿಲ್ಲಿಯ ಯೋಜನಾ ಆಯೋಗದ ಸಮಿತಿಯೊಂದು ಈ ಗಿಡವನ್ನು ದೇಶದ ಬಂಜರಿನಲ್ಲೆಲ್ಲ ಬೆಳೆಸಿ 2012ರ ಹೊತ್ತಿಗೆ ಡೀಸೆಲಿನ ಐದನೆಯ ಒಂದು ಪಾಲನ್ನು ಅದರಿಂದಲೇ ತೆಗೆಯಬಹುದೆಂದು ಲೆಕ್ಕ ಹಾಕಿತು. ಲೆಕ್ಕ ಕಾಗದದಲ್ಲಿಯೇ ಉಳಿಯಿತು. ನೀರು ಗೊಬ್ಬರ ಕೊಡದಿದ್ದರೆ ಗಿಡ ಬದುಕುತ್ತದೆ, ಕಾಯಿ ಕೊಡುವುದಿಲ್ಲ. ನೀರು ಗೊಬ್ಬರ ಕೊಡುವುದಾದರೆ ಹೊಟ್ಟೆಗೆ ಆಗುವ ಬೆಳೆಯನ್ನೇ ಬೆಳೆಯಬಹುದಲ್ಲವೆ? ಇದರ ಹಿಂಡಿಯನ್ನು ದನ ತಿನ್ನುವ ಹಾಗಿಲ್ಲ, ಅದು ವಿಷ. ಎಲೆಯನ್ನು ಆಡೂ ಮುಟ್ಟುವುದಿಲ್ಲ. ಹುಲ್ಲಿನ ಗುಡ್ಡೆಯಲ್ಲಿ ಅದನ್ನು ನೆಟ್ಟರೆ ದನ ಎಲ್ಲಿಗೆ ಹೋಗಬೇಕು?

ಬಂಜರು ಎಂದು ಬರೆದವರಿಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ. ನಮ್ಮ ಕಡೆ ವರ್ಗ ಜಾಗಕ್ಕೆ ತಾಗಿದ ನೂರು ಗಜದೊಳಗಿನ ಸರಕಾರಿ ಗುಡ್ಡೆ ಕುಮ್ಕಿ. ಸೊಪ್ಪು, ಸೌದೆ, ಹುಲ್ಲು ಎಲ್ಲ ಅಲ್ಲಿಂದ. (ಕುಮ್ಕಿಯ ಸೌಲಭ್ಯ ವರ್ಗದಾರನಿಗೆ ಮಾತ್ರ, ಜಾಗವಿಲ್ಲದವನಿಗೆ ಏನೂ ಇಲ್ಲ. ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.) ಜಾಗವಿಲ್ಲದವನ ಒಂದು ಹಸು, ಎರಡು ಆಡು ಮೇಯುವುದು ಉಳಿದ ಗುಡ್ಡೆಯಲ್ಲಿ. ಅದನ್ನು ಕಂಪೆನಿಯ ಇಂಧನದ ತೋಟ ಮಾಡಿದರೆ ಮೊದಲು ಹೋಗುವುದು ಅವನ ಹಸು. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿ ಮಾಡದವನೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದರು. 1974ರ ಕಾಯಿದೆಯಿಂದ ಗೇಣಿ ಗದ್ದೆಗೆ ಒಡೆಯರಾದವರ ಮಕ್ಕಳು ನೀವು. ಬಾಗಿಲು ತೆರೆದಿದೆ ಎಂಬುದನ್ನು ಮರೆಯಬೇಡಿ.

ಕಾರ್ಖಾನೆಗೆಂದು ಬೆಳೆಸುವ ಬೆಳೆ ಬಂದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ಸುಳ್ಯದ ಕಡೆ ನೋಡಿ. ಅರಣ್ಯದ ಜಾಗದಲ್ಲಿ ರಬ್ಬರು ಬಂತು. 1964ರ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಹಾಲು ತೆಗೆಯುವ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಮರ ನಿಗಮದ್ದು, ನೆಲ ಸರಕಾರದ್ದು. ಹಾಲು ತೆಗೆದವನಿಗೆ ಬಂದದ್ದು ಕೂಲಿ.

ಈಗ ಅಕ್ಕಿಗೆ ಬರುತ್ತೇನೆ. 2023ರ ಜೂನ್ ತಿಂಗಳು ನಿಮಗೆ ನೆನಪಿರಬೇಕು. ಅನ್ನಭಾಗ್ಯದಲ್ಲಿ ತಲೆಗೆ ಇನ್ನೂ ಐದು ಕಿಲೋ ಅಕ್ಕಿ ಕೊಡುವುದೆಂದು ರಾಜ್ಯ ಸರಕಾರ ಹೇಳಿತು. ಆಹಾರ ನಿಗಮದಿಂದ ಕಿಲೋಗೆ 34 ರೂಪಾಯಿಯಂತೆ ಕೊಳ್ಳಲು ಸಿದ್ಧವಾಗಿತ್ತು. ಜೂನ್ 13ರಂದು ಕೇಂದ್ರದ ಆಜ್ಞೆ ಬಂತು: ರಾಜ್ಯಗಳಿಗೆ ಅಕ್ಕಿ ಮಾರುವುದಿಲ್ಲ, ಪೇಟೆಯಲ್ಲಿ ಬೆಲೆ ಏರದಂತೆ ದಾಸ್ತಾನು ಬೇಕು. ಇರಲಿ, ಒಪ್ಪೋಣ. ಆದರೆ ಅದೇ ನಿಗಮದ ಅಕ್ಕಿ ಆಗ ಎಥನಾಲು ಕಾರ್ಖಾನೆಗಳಿಗೆ ಹೋಗುತ್ತಿತ್ತು, ಕಿಲೋಗೆ 20 ರೂಪಾಯಿಯಂತೆ! ಜುಲೈಯಲ್ಲಿ ಅದನ್ನೂ ನಿಲ್ಲಿಸಿದರು, ಸುಳ್ಳು ಹೇಳಬಾರದು. ಆದರೂ ಮೊದಲು ಬಾಗಿಲು ಮುಚ್ಚಿದ್ದು ಗಂಜಿಗೆ, ಆಮೇಲೆ ಗಾಡಿಗೆ. ಇಲ್ಲಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. ಆ 170ಕ್ಕೆ ಅಂಗಡಿಯಲ್ಲಿ ಐದು ಕಿಲೋ ಕುಚ್ಚಲಕ್ಕಿ ಸಿಕ್ಕಿತೆ? ಇಲ್ಲಿ ದಿನಸಿ ಅಂಗಡಿಯವರೂ ಕುಳಿತಿದ್ದಾರೆ, ಅವರೇ ಹೇಳಲಿ. ಹಣದ ಬದಲು ಅಕ್ಕಿ ಕೈಗೆ ಬರಲು 2025ರ ಫೆಬ್ರವರಿಯವರೆಗೆ ಕಾಯಬೇಕಾಯಿತು.

ನಾನು ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅಕ್ಕಿ ಅಳೆದುಕೊಟ್ಟವನು. ಸಣ್ಣ ತರಗತಿಯ ಮಗುವಿಗೆ 100 ಗ್ರಾಂ, ದೊಡ್ಡ ಮಗುವಿಗೆ 150 ಗ್ರಾಂ. ಆ ಅಭ್ಯಾಸದಿಂದ ಒಂದು ಲೆಕ್ಕ ಮಾಡಿದೆ. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥನಾಲು ಎಂದು ಸರಕಾರದ ನೀತಿ ಆಯೋಗವೇ ಹೇಳಿದೆ. 40 ಲೀಟರಿನ ಕಾರಿನ ಟ್ಯಾಂಕು ತುಂಬಿಸಿದರೆ ಅದರಲ್ಲಿ ಎಂಟು ಲೀಟರ್ ಎಥನಾಲು. ಅದು ಅಕ್ಕಿಯಿಂದ ಬಂದದ್ದಾದರೆ ಸುಮಾರು ಹದಿನೆಂಟು ಕಿಲೋ ಅಕ್ಕಿ, ಎಂದರೆ 180 ಸಣ್ಣ ಮಕ್ಕಳ ಒಂದು ಹೊತ್ತಿನ ಊಟ. ಎಲ್ಲ ಎಥನಾಲೂ ಅಕ್ಕಿಯದಲ್ಲ, ಹೆಚ್ಚಿನದು ಮೆಕ್ಕೆಜೋಳದ್ದು. ಆದರೆ 2024-25ರ ಎಥನಾಲು ವರ್ಷಕ್ಕೆ ಆಹಾರ ನಿಗಮದಿಂದ 52 ಲಕ್ಷ ಟನ್ ಅಕ್ಕಿಯನ್ನು ಗೊತ್ತುಮಾಡಿದರು. ತಿಂಗಳಿಗೆ ಹತ್ತು ಕಿಲೋದಂತೆ ನಾಲ್ಕು ಕೋಟಿಗೂ ಹೆಚ್ಚು ಜನರ ಒಂದು ವರ್ಷದ ಪಡಿ ಅದು. ಗೋದಾಮಿನಲ್ಲಿ ದಾಸ್ತಾನು ತುಂಬಿತ್ತು, ಕೊಳೆಯುವುದಕ್ಕಿಂತ ಇದು ಮೇಲು ಎನ್ನುತ್ತಾರೆ. ಕೊಳೆಯುವಷ್ಟು ಇದ್ದರೆ ಬಡವನ ಚೀಲಕ್ಕೆ ಹಾಕಲು ಕೈ ಏಕೆ ನಡುಗುತ್ತದೆ?

ಮೆಕ್ಕೆಜೋಳದ ಕಥೆಯೂ ಬೇರೆಯಲ್ಲ. ಹೊರದೇಶಕ್ಕೆ ಮಾರುತ್ತಿದ್ದ ನಾವು 2024ರಲ್ಲಿ ಹೊರಗಿನಿಂದ ತರಿಸಿದೆವು. ಕೋಳಿ ಸಾಕುವವರನ್ನು ಕೇಳಿದರೆ ಆಹಾರದ ಮೂಟೆಯ ಬೆಲೆ ಹೇಳುತ್ತಾರೆ.

ಕಬ್ಬಿನದು ನೀರಿನ ಪ್ರಶ್ನೆ. ಕಬ್ಬಿನಿಂದ ಒಂದು ಲೀಟರ್ ಎಥನಾಲಿಗೆ 2,860 ಲೀಟರ್ ನೀರು ಎಂದು ಅದೇ ನೀತಿ ಆಯೋಗದ 2021ರ ವರದಿ. 2023ರಲ್ಲಿ ನಮ್ಮ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದರು. ಆ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥನಾಲು ತೆಗೆಯುವುದಕ್ಕೆ ಕೇಂದ್ರವೇ ತಡೆ ಹಾಕಿತು, ಸಕ್ಕರೆ ಸಾಲದಾಗುತ್ತದೆಂಬ ಭಯ. ಮಳೆಯನ್ನು ನಂಬಿದ ಇಂಧನ ಎಷ್ಟು ಗಟ್ಟಿ ನೋಡಿ. ಲಾಭವಾದರೂ ಬೆಳೆದವನಿಗೆ ಬಂತೆ? 2025ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು. ಹೋರಾಡಿ 3,300ಕ್ಕೆ ಒಪ್ಪಿಸಿದರು, ಅದೂ ಇಳುವರಿಯ ಷರತ್ತಿನ ಮೇಲೆ. ಪಂಜಾಬಿನ ಝೀರಾದಲ್ಲಿ ಬಾವಿಯ ನೀರು ಕೆಟ್ಟಿತೆಂದು ಹಳ್ಳಿಯವರು ಎಥನಾಲು ಕಾರ್ಖಾನೆಯ ಮುಂದೆ 2022ರ ಜುಲೈಯಿಂದ ತಿಂಗಳುಗಟ್ಟಲೆ ಕುಳಿತರು. 2023ರ ಜನವರಿಯಲ್ಲಿ ಅಲ್ಲಿಯ ಸರಕಾರ ಅದನ್ನು ಮುಚ್ಚಿಸಿತು.

ಹೋಟೆಲಿನವರಿಗೆ ಒಂದು ಮಾತು. ಗೋಳಿಬಜೆ ಕರಿಯುವ ತಾಳೆ ಎಣ್ಣೆ ಇಂಡೋನೇಷ್ಯದಿಂದ ಬರುತ್ತದೆ. ಅವರು 2025ರಿಂದ ತಮ್ಮ ಡೀಸೆಲಿಗೆ ನೂರಕ್ಕೆ ನಲವತ್ತು ಪಾಲು ತಾಳೆ ಎಣ್ಣೆಯ ಇಂಧನ ಬೆರೆಸುವ ನಿಯಮ ತಂದರು. ಲಾರಿ ಕುಡಿದು ಮಿಕ್ಕದ್ದು ನಿಮ್ಮ ಬಾಣಲೆಗೆ. ಆ ತೋಟಗಳಿಗಾಗಿ ಅಲ್ಲಿ ಮಳೆಕಾಡು ಕಡಿದು, ಜೌಗು ನೆಲ ಬತ್ತಿಸಿ, ಬೆಂಕಿ ಇಟ್ಟದ್ದರ ಹೊಗೆ 2015ರಲ್ಲಿ ಸಿಂಗಪುರದವರೆಗೂ ಮುಸುಕಿತ್ತು. ಹಾಗೆ ಕಾಡು ಸುಟ್ಟು ಬೆಳೆಸಿದ ಎಣ್ಣೆ ವಾತಾವರಣವನ್ನು ಉಳಿಸುತ್ತದೆ ಎಂದರೆ ನಂಬುವುದು ಹೇಗೆ? ಇನ್ನೊಂದು ಕಡೆ, ಕರಿದು ಕರಿದು ಕಪ್ಪಾದ ನಿಮ್ಮ ಹಳೆಯ ಎಣ್ಣೆಯಿಂದಲೂ ಡೀಸೆಲ್ ತೆಗೆಯಬಹುದು. ಅದನ್ನು ಸಂಗ್ರಹಿಸುವ ಯೋಜನೆಯೊಂದು 2018ರಿಂದ ಇದೆ. ಮತ್ತೆ ಮತ್ತೆ ಅದರಲ್ಲೇ ಕರಿದು ಗಿರಾಕಿಯ ಹೊಟ್ಟೆ ಕೆಡಿಸುವುದಕ್ಕಿಂತ ಇದು ಎಷ್ಟೋ ಮೇಲು. ನಾಲ್ಕಾರು ಅಂಗಡಿಯವರು ಸೇರಿ ಕೂಡಿಟ್ಟು ಮಾರಿದರೆ ದುಡ್ಡೂ ಬರುತ್ತದೆ.

ಇಲ್ಲಿಗೆ ಬರುವ ಮೊದಲು ಒಬ್ಬ ರಿಕ್ಷಾದವರು ನನ್ನನ್ನು ತಡೆದು, ‘ಮಾಸ್ಟ್ರೆ, ಅದೆಲ್ಲ ಇರಲಿ, ಮೈಲೇಜು ಕಡಿಮೆಯಾಗುವುದು ಹೌದೋ ಅಲ್ಲವೋ ಹೇಳಿ’ ಎಂದರು. ಹೌದು. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಹಳೆಯ ಕಾರುಗಳಿಗೆ ನೂರಕ್ಕೆ ಆರೇಳು, ಬೈಕುಗಳಿಗೆ ಮೂರು ನಾಲ್ಕು ಕಡಿಮೆಯಾಗಬಹುದೆಂದು 2021ರ ಅದೇ ವರದಿ ಒಪ್ಪಿಕೊಂಡಿದೆ. ಆ ನಷ್ಟವನ್ನು ಲೀಟರಿನ ಬೆಲೆಯಲ್ಲಿ ಇಳಿಸಿಕೊಡಬೇಕೆಂದು ಕೇಳುವುದು ನ್ಯಾಯ.

ಬದುವಿನ ಹೊಂಗೆ, ಹಟ್ಟಿಯ ಸೆಗಣಿ ಗ್ಯಾಸು, ಹೋಟೆಲಿನ ಹಳೆಯ ಎಣ್ಣೆ ಇವು ಬರಲಿ, ಊರಿನ ಸಹಕಾರಿ ಸಂಘದ ಕೈಯಲ್ಲಿಯೇ ಇರಲಿ. ಪಡಿತರದ ಲೆಕ್ಕ ಮುಗಿಯುವ ಮೊದಲು ಒಂದು ಕಾಳು ಅಕ್ಕಿಯೂ ಭಟ್ಟಿಗೆ ಹೋಗಬಾರದು. ಗ್ರಾಮಸಭೆ ಒಪ್ಪದೆ ಯಾವ ಗುಡ್ಡೆಯನ್ನೂ ಬಂಜರು ಎಂದು ಬರೆಯಬಾರದು. ಮುಂದಿನ ಗ್ರಾಮಸಭೆಗೆ ಸುಮ್ಮನೆ ಹೋಗುವುದು ಬೇಡ. ಯಾವ ಸರ್ವೆ ನಂಬರಿನಲ್ಲಿ ಯಾರ ದನ ಮೇಯುತ್ತದೆ, ಯಾರು ಸೊಪ್ಪು ತರುತ್ತಾರೆ, ಯಾರು ಸೌದೆ ಹೆಕ್ಕುತ್ತಾರೆ ಎಂಬ ಪಟ್ಟಿಯನ್ನು ನಾವೇ ಮಾಡಿಕೊಂಡು ಹೋಗೋಣ. ಈ ಭಾನುವಾರ ಬೆಳಗ್ಗೆ ನಾನು ಇಲ್ಲೇ ಇರುತ್ತೇನೆ. ನೀವು ಹೇಳುತ್ತಾ ಹೋಗಿ, ಬರೆಯುವ ಕೆಲಸ ನನಗೆ ಬಿಡಿ.