ಮಧ್ಯಾಹ್ನ ಬಾಡಿದ ಎಲೆ

ವೇದಿಕೆಯ ಮೇಲಿನ ಹಿರಿಯರೇ, ಬೀಜದ ಪೊಟ್ಟಣ ಹಿಡಿದು ಮುಂದಿನ ಸಾಲಿನಲ್ಲಿ ಕೂತಿರುವ ತಾಯಂದಿರೇ, ಬೇವಿನ ನೆರಳು ಹುಡುಕಿಕೊಂಡು ಹಿಂದೆ ನಿಂತಿರುವ ಜಾಣರೇ, ಎಲ್ಲರಿಗೂ ನಮಸ್ಕಾರ.

ರಾಯಚೂರಿನಲ್ಲಿ ಬೇಸಿಗೆ ಕೈತೋಟದ ಮೇಳ ಮಾಡುತ್ತೇವೆ, ಬಂದು ಉದ್ಘಾಟಿಸಿ ಎಂದು ಫೋನ್ ಬಂದಾಗ ನನಗೆ ನಗು ಬಂತು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇದ್ದರೂ ನಲ್ಲಿಗೆ ನೀರು ಬರುವ ದಿನವನ್ನು ಎಣಿಸುವವರು ನಾವು. ಇಲ್ಲಿ ಮೇಳವೆಂದರೆ ಕೊಡೆ, ಪಾನಕದ ಮೇಳ ಮಾಡಬೇಕಲ್ಲವೇ ಎಂದುಕೊಂಡೆ. ಆದರೂ ಒಪ್ಪಿದೆ. ಯಾಕೆಂದರೆ ಬೇಸಿಗೆಯಲ್ಲಿ ಗಿಡ ಕೊಲ್ಲುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ.

ಮೊದಲ ಕೊಲೆಯ ಕಥೆ ಹೇಳಿಬಿಡುತ್ತೇನೆ. ಹಿತ್ತಲಲ್ಲಿ ಒಂದು ಕುಂಬಳ ಬಳ್ಳಿ ಇತ್ತು. ಮಧ್ಯಾಹ್ನ ಎರಡು ಗಂಟೆಗೆ ನೋಡಿದರೆ ಎಲೆಗಳೆಲ್ಲ ಮಡಚಿದ ಕೊಡೆಯ ಹಾಗೆ ಜೋತು ಬಿದ್ದಿದ್ದವು. ಅಯ್ಯೋ ಪಾಪ ಎಂದು ಎರಡು ಬಕೆಟ್ ನೀರು ಸುರಿದೆ. ಮರುದಿನವೂ ಜೋತು ಬಿದ್ದವು, ಮತ್ತೆ ಸುರಿದೆ. ವಾರದೊಳಗೆ ಸಂಜೆಯಾದರೂ ಎಲೆ ಏಳಲಿಲ್ಲ. ಕಿತ್ತು ನೋಡಿದರೆ ಬೇರು ಕಂದಾಗಿ ನಾರುತ್ತಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಬಿಸಿಲು ಆ ಬಳ್ಳಿಯನ್ನು ಏನೂ ಮಾಡಿರಲಿಲ್ಲ. ಕೊಂದದ್ದು ನನ್ನ ಕನಿಕರ.

ಕುಂಬಳದಂಥ ಅಗಲ ಎಲೆಯ ಬಳ್ಳಿ ಉರಿ ಬಿಸಿಲಲ್ಲಿ ಬಾಡುವುದು ಸಹಜ. ಬೇರು ಎಳೆದುಕೊಳ್ಳುವ ವೇಗಕ್ಕಿಂತ ಎಲೆ ಆವಿ ಬಿಡುವ ವೇಗ ಹೆಚ್ಚಾಗುತ್ತದೆ, ಅಷ್ಟೇ. ಹೊತ್ತು ಇಳಿದರೆ ತಾನೇ ಎದ್ದು ನಿಲ್ಲುತ್ತದೆ. ಬೆಳಗಿನ ಆರು ಗಂಟೆಗೂ ಎಲೆ ಬಾಡಿದ್ದರೆ ಆಗ ಗಾಬರಿಯಾಗಿ. ಅದಕ್ಕೂ ಮುಂಚೆ ಮಣ್ಣಿನೊಳಗೆ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ, ತಂಪಿದ್ದರೆ ಸುಮ್ಮನೆ ಒಳಗೆ ಹೋಗಿ ಮಜ್ಜಿಗೆ ಕುಡಿಯಿರಿ.

ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಕೆಡುವ ತೋಟಗಳಿಗಿಂತ ನೀರು ಏರುಪೇರಾಗಿ ಕೆಡುವ ತೋಟಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಗೆ ಕುಸಿಯುತ್ತದಲ್ಲ, ಅದು ಸುಣ್ಣದಂಶ ಕಾಯಿಯ ತುದಿಗೆ ತಲುಪದೆ ಆಗುವ ತೊಂದರೆ. ಅದಕ್ಕೆ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕುತ್ತಾರೆ. ಆದರೆ ಸುಣ್ಣದಂಶವನ್ನು ಹೊತ್ತೊಯ್ಯಬೇಕಾದದ್ದು ನೀರು. ಮೂರು ದಿನ ಒಣಗಿಸಿ ನಾಲ್ಕನೇ ದಿನ ಮುಳುಗಿಸಿದರೆ ಒಂದು ಬುಟ್ಟಿ ಸಿಪ್ಪೆ ಹಾಕಿದರೂ ಏನಾದೀತು? ದಾಳಿಂಬೆ ಬಿರುಕು ಬಿಡುವುದಕ್ಕೂ ಬಹಳ ಸಲ ಇದೇ ಕಾರಣ.

ಅದಕ್ಕೇ ದೀಪದ ಜೊತೆಗೆ ಒಂದು ಮಡಕೆಯನ್ನೂ ಇಡಿ ಎಂದು ಸಂಘಟಕರಿಗೆ ಹೇಳಿದ್ದೆ. ಇಲ್ಲಿ ಈ ಮಡಿಯಲ್ಲಿ ಹೂತಿಟ್ಟಿದ್ದಾರೆ, ಕುತ್ತಿಗೆ ಮಾತ್ರ ಮೇಲಿದೆ. ಸುತ್ತ ನಾಲ್ಕು ಬೀಜ ಊರುತ್ತೇವೆ. ಮಡಕೆಗೆ ನೀರು ತುಂಬಿ ಬಾಯಿ ಮುಚ್ಚಿದರೆ, ಸುತ್ತಲಿನ ಮಣ್ಣು ಒಣಗಿದಷ್ಟೂ ನೀರು ಜಿನುಗುತ್ತದೆ, ಮಣ್ಣು ತೊಯ್ದರೆ ಜಿನುಗು ನಿಧಾನವಾಗುತ್ತದೆ. ಲೆಕ್ಕ ಇಡುವ ಕೆಲಸ ಮಣ್ಣಿನದು. ಇದು ನನ್ನ ಬುದ್ಧಿಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದ ಫಾನ್ ಶೆಂಗ್‌ಝಿ ತನ್ನ ಕೃಷಿ ಗ್ರಂಥದಲ್ಲಿ ಇದನ್ನು ಬರೆದಿಟ್ಟ. ಅವನೂ ಮಡಕೆಯ ಸುತ್ತ ನಾಲ್ಕೇ ಬಳ್ಳಿ ಬೆಳೆಸಲು ಹೇಳಿದ. ಬಣ್ಣ ಬಳಿದ, ಹೊಳಪು ಕೊಟ್ಟ ಮಡಕೆ ಬೇಡ. ಕೊಳ್ಳುವಾಗ ನೀರು ತುಂಬಿ ಸ್ವಲ್ಪ ಹೊತ್ತು ಕಾಯಿರಿ, ಮೈ ಬೆವರಬೇಕು. ನಮ್ಮ ಬೋರ್‌ವೆಲ್‌ನ ಗಡಸು ನೀರಿಗೆ ಮಡಕೆಯ ರಂಧ್ರಗಳು ಬಿಳಿ ಕಟ್ಟಿ ಮುಚ್ಚಿಹೋಗುತ್ತವೆ. ಆಗ ತೆಗೆದು ನಾರಿನಿಂದ ತಿಕ್ಕಬೇಕು. ತಿಕ್ಕಿದರೂ ಬೆವರದಿದ್ದರೆ ಹೊಸದು ತರಬೇಕು. ಕುಂಬಾರರಿಗೂ ಬೇಸಿಗೆಯಲ್ಲಿ ನಾಲ್ಕು ಕಾಸು ಸಿಗಲಿ.

ಏನು ಬೆಳೆಯಬೇಕು ಎಂಬ ಪ್ರಶ್ನೆಗೆ ಬಹಳ ಹೊತ್ತು ಬೇಕಿಲ್ಲ. ಟೊಮೆಟೊ ಹೂ 35 ಡಿಗ್ರಿ ದಾಟಿದ ಮೇಲೆ ಉದುರತೊಡಗುತ್ತದೆ, ರಾತ್ರಿಯೂ ಸೆಕೆಯಿದ್ದರೆ ಕೇಳುವುದೇ ಬೇಡ. ಪರಾಗವೇ ಕೆಟ್ಟಮೇಲೆ ಗೊಬ್ಬರ ಏನು ಮಾಡೀತು? ಹಸಿರು ನೆರಳು ಪರದೆ ಕಟ್ಟಿ ಇರುವ ಗಿಡ ಉಳಿಸಿಕೊಳ್ಳಿ, ಹೊಸದು ಹಚ್ಚಬೇಡಿ. ಬೆಂಡೆ, ಚವಳಿಕಾಯಿ, ಅಲಸಂದೆ, ರಾಜಗಿರಿ, ಪುಂಡಿಪಲ್ಯ ಇವು ನಮ್ಮ ಬಿಸಿಲಿಗೆ ಹುಟ್ಟಿದವು. ಬೆಂಡೆಗೆ ಹಳದಿ ನಂಜು ರೋಗದ ಭಯವಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಕೇಳಿ. ಬುಡಕ್ಕೆ ಶೇಂಗಾ ಹೊಟ್ಟು ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗಿಸಬೇಡಿ.

ಮಾಳಿಗೆಯ ಮೇಲೆ ಬೆಳೆಯುವವರಿಗೆ ಒಂದು ಮಾತು. ಕಪ್ಪು ಕುಂಡವನ್ನು ಕಾದ ಕಾಂಕ್ರೀಟಿನ ಮೇಲೆ ನೇರ ಇಟ್ಟರೆ ಬೇರು ಬೇಯುತ್ತದೆ. ಕೆಳಗೆ ಎರಡು ಇಟ್ಟಿಗೆ ಕೊಡಿ, ಹೊರಗೆ ಹಳೆಯ ಗೋಣಿಚೀಲ ಸುತ್ತಿ.

ಇನ್ನೊಂದು ದೂರು ಪ್ರತಿ ವರ್ಷ ಬರುತ್ತದೆ: ಹೀರೇಬಳ್ಳಿ ತುಂಬ ಹೂವಿದೆ, ಕಾಯಿಲ್ಲ. ಬಿಸಿಲು ಹೆಚ್ಚಾದಂತೆ ಬಳ್ಳಿಯಲ್ಲಿ ಗಂಡು ಹೂವೇ ಹೆಚ್ಚು. ಹೀರೆ, ಸೋರೆ ಅರಳುವುದು ಸಂಜೆ, ಕುಂಬಳ ಅರಳುವುದು ನಸುಕಿನಲ್ಲಿ. ನಾವು ನೋಡಲು ಹೋಗುವುದು ಹತ್ತು ಗಂಟೆಗೆ! ಸಂಜೆ ಚಹಾ ಕುಡಿದು ಹಿತ್ತಲಿಗೆ ಹೋಗಿ. ಹೂವಿನ ಕೆಳಗೆ ಬೆರಳುದ್ದ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ. ನನ್ನ ಮೊಮ್ಮಗಳು ಇದನ್ನು ಮದುವೆ ಮಾಡಿಸುವುದು ಎನ್ನುತ್ತಾಳೆ. ಎರಡು ದಿನದಲ್ಲಿ ಕಾಯಿ ಹಳದಿಯಾಗಿ ಉದುರದೆ ಉಳಿದರೆ ಊಟಕ್ಕೆ ನನ್ನನ್ನೂ ಕರೆಯಿರಿ.

ಮಾತು ಉದ್ದವಾಯಿತು, ಬಿಸಿಲು ಏರುತ್ತಿದೆ, ಮಳಿಗೆಯ ಸಸಿಗಳಿಗೂ ಸೆಕೆ. ಒಂದು ಸಲಹೆ ಕೊಟ್ಟು ನಿಲ್ಲಿಸುತ್ತೇನೆ: ಸಸಿಯನ್ನು ಈಗಲೇ ಕೊಂಡು ಮೇಳ ಸುತ್ತಬೇಡಿ. ಸಂಜೆ ಮನೆಗೆ ಹೊರಡುವಾಗ ಕೊಳ್ಳಿ, ತಂಪು ಹೊತ್ತಿನಲ್ಲಿ ಇವತ್ತೇ ನೆಡಿ. ತಾಯಿ, ಆ ತಂಬಿಗೆ ಇತ್ತ ಕೊಡಿ, ಮೊದಲ ನೀರು ನಾನು ಹಾಕುತ್ತೇನೆ. ಉಳಿದವರು ಒಬ್ಬೊಬ್ಬರಾಗಿ ಬನ್ನಿ, ಕುತ್ತಿಗೆಯವರೆಗೆ ತುಂಬಬೇಕು.