ಸತ್ತ ಪ್ರಾಣಿ ಹೇಳುವ ಸತ್ಯ

ವನ್ಯಜೀವಿ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತಿರುವ ಗೆಳೆಯರೇ,

ಕಾಡಿನ ಡಾಕ್ಟರು ಎಂದರೆ ಜನರಿಗೆ ನೆನಪಾಗುವುದು ಅರಿವಳಿಕೆ ಬಂದೂಕು ಹಿಡಿದು ಆನೆಯ ಹಿಂದೆ ಹೊರಟವರು. ಆ ಕೆಲಸಕ್ಕೆ ಎದೆಗಾರಿಕೆ ಬೇಕು, ತಿಳಿವಳಿಕೆಯೂ ಬೇಕು. ಮದ್ದು ತಾಗಿದ ಆನೆ ಎದೆಯ ಮೇಲೆ ಕುಸಿದು ಕೂತರೆ ಉಸಿರಾಟಕ್ಕೇ ಕುತ್ತು. ತಡಮಾಡದೆ ಪಕ್ಕಕ್ಕೆ ಹೊರಳಿಸಬೇಕು. ಆದರೂ ನಿಮ್ಮ ವಿದ್ಯೆಗೆ ಹೆಚ್ಚು ಕೆಲಸ ಇರುವುದು ಸತ್ತ ಪ್ರಾಣಿಯ ಬಳಿ ಮತ್ತು ಕಾಡಂಚಿನ ಕೊಟ್ಟಿಗೆಯಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಉಣುಗುಗಳಿಂದ ಹರಡುವ ಹೊಸ ವೈರಸ್ ಪತ್ತೆಯಾಯಿತು. ಮಲೆನಾಡಿನವರಿಗೆ ಈ ಕಾಯಿಲೆಯ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ರಣಹದ್ದಿನ ಕಥೆ ಇನ್ನೂ ಕಠೋರ. ಹಿಂಡುಹಿಂಡಾಗಿದ್ದ ಹಕ್ಕಿಗಳು ಹತ್ತು ಹದಿನೈದು ವರ್ಷಗಳಲ್ಲಿ ಕಣ್ಮರೆಯಾದವು. ಯಾವುದೋ ಸೋಂಕು ಇರಬೇಕೆಂದು ಬಹಳ ಮಂದಿ ಊಹಿಸಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರಿಗೆ ಕಂಡದ್ದು ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಕೂತಿದ್ದ ಯೂರಿಕ್ ಆಮ್ಲ. ಮೂತ್ರಪಿಂಡಗಳು ಕೆಟ್ಟಿದ್ದವು. ಕಾರಣ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್. ಮದ್ದು ತೆಗೆದುಕೊಂಡ ದನ ಸತ್ತರೆ, ಅದನ್ನು ತಿಂದ ಹದ್ದೂ ಸಾಯುತ್ತಿತ್ತು. 2004ರಲ್ಲಿ ಈ ಸಂಗತಿ ಪ್ರಕಟವಾಯಿತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಆ ಮದ್ದನ್ನು ನಿಷೇಧಿಸಿತು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದುದರಿಂದ 2015ರಲ್ಲಿ ಅವುಗಳನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಗಿದೆ. ಆದರೆ ಬೆಟ್ಟದ ಹದ್ದಿನ ಆಯುಸ್ಸು ಕೆಳಗಿನ ಊರಿನ ದನಕ್ಕೆ ಡೈಕ್ಲೋಫಿನ್ಯಾಕ್ ಬದಲು ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಕೊಟ್ಟರೋ ಇಲ್ಲವೋ ಎಂಬುದರ ಮೇಲೂ ನಿಂತಿದೆ.

ಕೊಯ್ಯುವ ಕೈಗೆ ಸಂಯಮವೂ ಬೇಕು. ಹಠಾತ್ತನೆ ಸತ್ತ ಆನೆಯ ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ಚಾಕು ಕೆಳಗಿಡಿ. ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಹೆಣ ತೆರೆದರೆ ಗಾಳಿ ತಾಗಿ ರೋಗಾಣುಗಳು ಬೀಜಕಗಳಾಗುತ್ತವೆ, ಅವು ಆ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ.

ಇನ್ನು ಕೊಟ್ಟಿಗೆಯ ಮಾತು. 1968ರಲ್ಲಿ ಬಂಡೀಪುರದ ಸೀಮೆಯಲ್ಲಿ ಕಾಟಿಗಳನ್ನು ಬಲಿ ತೆಗೆದುಕೊಂಡ ದೊಡ್ಡರೋಗ (ರಿಂಡರ್‌ಪೆಸ್ಟ್) ದನಗಳದ್ದೂ ಹೌದು. ಅದನ್ನು ಜಗತ್ತಿನಿಂದ ಓಡಿಸಿದ್ದು ಊರೂರು ಅಲೆದು ದನಗಳಿಗೆ ಲಸಿಕೆ ಹಾಕಿದ ಪಶುವೈದ್ಯರು. 2011ರಲ್ಲಿ ಭೂಮಿಯಿಂದಲೇ ರೋಗ ಅಳಿಯಿತೆಂದು ಘೋಷಿಸಲಾಯಿತು. ಆ ಲಸಿಕೆಗಾರರು ಕಾಟಿಗಳನ್ನೂ ಉಳಿಸಿದರು.

ವೇದಿಕೆಯ ಮೇಲಿರುವ ಹಿರಿಯರಲ್ಲಿ ಒಂದು ಮಾತು: ಅರಣ್ಯ ಇಲಾಖೆಗೆ ಪಶುವೈದ್ಯರು ಎರವಲು ಸೇವೆಯ ಮೇಲೆ ಬಂದು, ಕಾಡು ಅರ್ಥವಾಗುವ ಹೊತ್ತಿಗೆ ಹೊರಟುಹೋಗುವ ಪದ್ಧತಿ ಸಾಕು. ಈ ಮಕ್ಕಳಿಗೆ ಕಾಯಂ ಹುದ್ದೆ ಕೊಡಿ, ಹತ್ತಿರದಲ್ಲೊಂದು ಪ್ರಯೋಗಾಲಯ ಕೊಡಿ.

ಗೆಳೆಯರೇ, ಯಾವ ಕಾಡಿಗೆ ಹೋದರೂ ಮೊದಲು ಅದರ ಅಂಚಿನ ಪಶು ಆಸ್ಪತ್ರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರಿಚಯ ಮಾಡಿಕೊಳ್ಳಿ. ದನ ಕಾಯುವವರಿಗೂ ಅರಣ್ಯ ವೀಕ್ಷಕರಿಗೂ ನಿಮ್ಮ ಫೋನ್ ನಂಬರು ಕೊಡಿ. ಕಾಡಿನಲ್ಲಿ ಸತ್ತ ಪ್ರಾಣಿಯನ್ನು ಎಲ್ಲರಿಗಿಂತ ಮೊದಲು ನೋಡುವವರು ಅವರೇ.